ಮರದ ಮೀನೂ ನೀರಿನ ಮೀನೂ

ಗಾಳ ಹಾಕುವವನೆಂದರೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಬಹುಮಟ್ಟಿಗೆ ಒಂದೇ: ಹೊಳೆಯ ದಂಡೆ, ಬಿದಿರಿನ ಕೋಲು, ಕೊಕ್ಕೆಗೆ ಚುಚ್ಚಿದ ಎರೆಹುಳು, ಅಲುಗಾಡದೆ ಕುಳಿತ ಮನುಷ್ಯ. ಬಕಧ್ಯಾನವೆಂಬ ಮಾತು ಕೊಕ್ಕರೆಯಿಂದ ಹುಟ್ಟಿದ್ದಾದರೂ ಗಾಳದವನಿಗೂ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಕುಳಿತು ಕಾಯದೆ, ಎರೆಯನ್ನೂ ಇಡದೆ ಮೀನು ಹಿಡಿಯುವ ವಿದ್ಯೆಯೊಂದುಂಟು. ವಾಸನೆಯಿಲ್ಲದ, ರುಚಿಯಿಲ್ಲದ, ತಿನ್ನುವುದಕ್ಕೆ ಏನೂ ಇಲ್ಲದ ಒಂದು ಮರದ ತುಂಡನ್ನು ನೀರಿನಲ್ಲಿ ಎಳೆದು, ಇದೂ ಒಂದು ಮೀನೇ ಎಂದು ಮೀನನ್ನು ನಂಬಿಸುವ ವಿದ್ಯೆ ಅದು. ಅಮೆರಿಕದಲ್ಲಿ ಆ ತುಂಡಿಗೆ ಕ್ರ್ಯಾಂಕ್‌ಬೈಟ್ ಎಂದು ಹೆಸರು. ರೀಲಿನ ಹಿಡಿಯನ್ನು ಒಂದೇ ಸಮನೆ ತಿರುಗಿಸುತ್ತ ಎಳೆಯುವುದರಿಂದ ಬಂದ ಹೆಸರಿದು. ಈಗ ಅವು ಹೆಚ್ಚಾಗಿ ಪ್ಲಾಸ್ಟಿಕ್ಕಿನಿಂದಲೇ ತಯಾರಾಗುತ್ತವೆ; ಆದರೂ ಅವುಗಳ ಮೂಲ ಮರವೇ ಆದ್ದರಿಂದ ನಾನು ಇಲ್ಲಿ ಅದನ್ನು 'ಮರದ ಮೀನು' ಎಂದೇ ಕರೆಯುತ್ತೇನೆ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಅಕ್ಕನ ಮಗನೊಬ್ಬ ಟೆನೆಸಿ ಸಂಸ್ಥಾನದ ಚಟನೂಗ ಎಂಬ ಊರಿನಲ್ಲಿ ಎಂಜಿನಿಯರನಾಗಿದ್ದಾನೆ. ಅವನ ಮನೆಯಲ್ಲಿ ಒಂದು ಏಪ್ರಿಲ್ ತಿಂಗಳನ್ನು ಕಳೆಯುವ ಅವಕಾಶ ನನಗೆ ಒದಗಿತು. ಅವನೂ ಅವನ ನೆರೆಮನೆಯವರಾದ ನಿವೃತ್ತ ಉಪಾಧ್ಯಾಯರೊಬ್ಬರೂ ಬೆಳಗಾಗುವ ಮುನ್ನ ದೋಣಿಯನ್ನು ಸಿದ್ಧಮಾಡಿಕೊಂಡು ಸಮೀಪದ ಚಿಕಮಾಗಾ ಜಲಾಶಯಕ್ಕೆ ಹೊರಡುವರು, ಮೂರನೆಯವನಾಗಿ ನಾನು. ತುಂಗೆಯ ದಡದಲ್ಲಿ ಹುಟ್ಟಿ ಬೆಳೆದವನಿಗೆ ನೀರೂ ಮೀನೂ ಹೊಸವಲ್ಲ. ಹೊಸದಾಗಿದ್ದುದು ಆ ವಿದ್ಯೆ, ಮತ್ತು ಆ ವಿದ್ಯೆ ಎತ್ತಿದ ಎರಡು ಪ್ರಶ್ನೆಗಳು. ಒಂದು, ವರ್ಷವರ್ಷವೂ ತರಗತಿಯಲ್ಲಿ ನಾನು ವಿವರಿಸುವ ಅನುಕರಣದ ಪ್ರಶ್ನೆ. ಇನ್ನೊಂದು ಅದಕ್ಕಿಂತ ಹಳೆಯದು, ಧರ್ಮಾಧರ್ಮಕ್ಕೆ ಸೇರಿದ್ದು.

ಬಾಸ್ ಎಂಬ ಮೀನು

ಬಾಸ್ ಎಂಬ ಹೆಸರಿನ ಮೀನುಗಳು ಸಮುದ್ರದಲ್ಲಿಯೂ ಇವೆ. ಅಮೆರಿಕದ ಸಿಹಿನೀರಿನ ಈ ಬಾಸ್ ಅವುಗಳ ದಾಯಾದಿಯಲ್ಲ. ಅಲ್ಲಿಯವರು ಸೂರ್ಯಮೀನುಗಳೆಂದು ಕರೆಯುವ, ಉತ್ತರ ಅಮೆರಿಕಕ್ಕೇ ಮೀಸಲಾದ ಒಂದು ಕುಟುಂಬದ್ದು. ಹಸುರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣನ್ನು ದಾಟಿ ಹಿಂದಕ್ಕೆ ಸೀಳಿದ ದೊಡ್ಡ ಬಾಯಿ. ಈ ಬಾಯಿಯಿಂದಲೇ ಅದಕ್ಕೆ 'ದೊಡ್ಡಬಾಯಿಯ ಬಾಸ್' ಎಂದು ಹೆಸರು. ಇದರ ಸೋದರನಿಗೆ 'ಸಣ್ಣಬಾಯಿಯ ಬಾಸ್' ಎಂದು ಹೆಸರು.

ಈ ಕುಲಕ್ಕೆ ಶಾಸ್ತ್ರೀಯ ನಾಮ ಬಂದ ಬಗೆ ಸ್ವಾರಸ್ಯವಾಗಿದೆ. ೧೮೦೨ರಲ್ಲಿ ಫ್ರಾನ್ಸಿನ ಲಾಸೆಪೇಡ್ ಎಂಬ ಪ್ರಾಣಿಶಾಸ್ತ್ರಜ್ಞ ತನಗೆ ದೊರೆತ ಸಣ್ಣಬಾಯಿಯ ಬಾಸೊಂದನ್ನು ಪರೀಕ್ಷಿಸಿದ. ಆ ಮೀನಿನ ಬೆನ್ನಿನ ಈಜುರೆಕ್ಕೆಯ ಹಿಂಭಾಗ ಯಾವ ಕಾರಣದಿಂದಲೋ ಮುರಿದು, ತುದಿಯ ತುಂಡು ಬೇರೆಯಾಗಿಯೇ ನಿಂತಂತೆ ಕಾಣುತ್ತಿತ್ತು. ಅದನ್ನು ಆತ ಒಂದು ಪ್ರತ್ಯೇಕವಾದ ಕಿರುರೆಕ್ಕೆಯೆಂದು ಎಣಿಸಿ 'ಮೈಕ್ರೊಪ್ಟೆರಸ್', ಎಂದರೆ 'ಕಿರುರೆಕ್ಕೆಯದು' ಎಂದು ಹೆಸರಿಟ್ಟ. ಒಂದು ಮೀನಿನ ಗಾಯ ಇಡೀ ಕುಲದ ಹೆಸರಾಗಿ ನಿಂತುಬಿಟ್ಟಿತು. ಹೆಸರಿನ ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ೨೦೨೨ರಲ್ಲಿ ವಂಶವಾಹಿಗಳನ್ನು ಪರಿಶೀಲಿಸಿದ ವಿದ್ವಾಂಸರು, ಇಷ್ಟು ಕಾಲ ದೊಡ್ಡಬಾಯಿಯ ಬಾಸಿಗೆ ಸಲ್ಲುತ್ತಿದ್ದ 'ಸಾಲ್ಮಾಯ್ಡಿಸ್' ಎಂಬ ನಾಮ ನ್ಯಾಯವಾಗಿ ಫ್ಲಾರಿಡಾದ ಬಾಸಿಗೆ ಸೇರಬೇಕಾದದ್ದೆಂದೂ, ಉಳಿದೆಡೆಯ ದೊಡ್ಡಬಾಯಿಗೆ 'ನೈಗ್ರಿಕನ್ಸ್' ಎಂಬುದು ಸರಿಯೆಂದೂ ತೀರ್ಮಾನಿಸಿದರು. ಪಾಠಾಂತರಗಳ ಜಗಳದಲ್ಲಿಯೇ ಬಾಳು ಸವೆಸುವ ನಮ್ಮಂಥವರಿಗೆ ಇದು ಪರಿಚಿತವಾದ ಸಮಾಚಾರ.

ಅಮೆರಿಕನ್ನರಿಗೆ ಈ ಮೀನಿನ ಮೇಲಿರುವ ಅಭಿಮಾನ ಹೇಳತೀರದು. ೧೮೮೧ರಲ್ಲಿ ಜೇಮ್ಸ್ ಹೆನ್ಶಲ್ ಎಂಬ ವೈದ್ಯ ಬಾಸನ್ನು ಕುರಿತೇ ಒಂದು ದೊಡ್ಡ ಗ್ರಂಥ ಬರೆದು, ಗಾತ್ರಕ್ಕೆ ತಕ್ಕ ಕೆಚ್ಚಿನಲ್ಲಿ ಇದನ್ನು ಮೀರಿಸುವ ಮೀನಿಲ್ಲವೆಂದು ಸಾರಿದ. ೧೯೩೨ರಲ್ಲಿ ಜಾರ್ಜಿಯಾ ಸಂಸ್ಥಾನದಲ್ಲಿ ಸಿಕ್ಕ ೨೨ ಪೌಂಡು ೪ ಔನ್ಸು ತೂಕದ ದೊಡ್ಡಬಾಯಿಯ ಬಾಸಿನ ದಾಖಲೆಯನ್ನು ಮುಟ್ಟುವುದಕ್ಕೆ ೭೭ ವರ್ಷ ಹಿಡಿಯಿತು. ಅದನ್ನು ಸಮಗಟ್ಟಿದ ಮೀನು ೨೦೦೯ರಲ್ಲಿ ಸಿಕ್ಕಿದ್ದು ಅಮೆರಿಕದಲ್ಲಲ್ಲ, ಜಪಾನಿನ ಬೀವಾ ಸರೋವರದಲ್ಲಿ. ಅದು ಅಲ್ಲಿಗೆ ಹೋದ ಕಥೆಯನ್ನು ಮುಂದೆ ಹೇಳುತ್ತೇನೆ.

ನೀರಿನ ವಸಂತ

ಚಿಕಮಾಗಾ ಜಲಾಶಯ ೧೯೪೦ರಲ್ಲಿ ಟೆನೆಸಿ ನದಿಗೆ ಕಟ್ಟಿ ಮುಗಿಸಿದ ಅಣೆಕಟ್ಟಿನಿಂದಾದದ್ದು. ಅದನ್ನು ಕಟ್ಟಿದುದು ೧೯೩೩ರಲ್ಲಿ ಸ್ಥಾಪಿತವಾದ ಟೆನೆಸಿ ಕಣಿವೆ ಪ್ರಾಧಿಕಾರ. ಸ್ವತಂತ್ರ ಭಾರತ ೧೯೪೮ರಲ್ಲಿ ದಾಮೋದರ ಕಣಿವೆ ನಿಗಮವನ್ನು ರಚಿಸಿದಾಗ ಕಣ್ಣಮುಂದಿದ್ದ ಮಾದರಿ ಅದೇ. ಚಳಿಗಾಲದಲ್ಲಿ ಪ್ರವಾಹವನ್ನು ತಡೆಯಲು ಎಡೆಯಿರಲೆಂದು ಜಲಾಶಯದ ಮಟ್ಟವನ್ನು ಇಳಿಸಿರುತ್ತಾರೆ. ವಸಂತದಲ್ಲಿ ಮತ್ತೆ ಆರೇಳು ಅಡಿ ಏರಿಸುತ್ತಾರೆ. ಚಳಿಯಲ್ಲಿ ಒಣಗಿ ಬರಿದಾಗಿದ್ದ ದಂಡೆಯ ಪೊದೆಗಳು, ಮರದ ಮೋಟುಗಳು, ಕಲ್ಲುರಾಶಿಗಳು ಒಂದೊಂದಾಗಿ ನೀರೊಳಗೆ ಹೋಗುತ್ತವೆ. ನೋಡುವವನಿಗೆ ಅದು ಮುಳುಗಡೆ. ಮೀನಿಗೆ ಅದು ಹೊಸ ಮನೆ.

ನೆಲದ ವಸಂತವನ್ನು ಕಣ್ಣಿನಿಂದ ಅರಿಯಬಹುದು. ನೀರಿನ ವಸಂತವನ್ನು ಉಷ್ಣಮಾಪಕದಿಂದ ಅರಿಯಬೇಕು. ನೀರಿನ ಬಿಸಿ ೧೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುವವರೆಗೆ ಬಾಸ್ ಆಳದಲ್ಲಿ ಜಡವಾಗಿರುತ್ತದೆ. ಅದರ ಮೇಲೆ ಒಂದೊಂದು ಡಿಗ್ರಿ ಏರಿದಂತೆಲ್ಲ ಮೀನು ಆಳದಿಂದ ಹೊರಟು, ಕೊಲ್ಲಿಗಳ ಬಾಯಿಗೆ ಬಂದು, ಅಲ್ಲಿಂದ ಒಳಗಿನ ತೆಳುನೀರಿಗೆ ಸಾಗುತ್ತದೆ. ತತ್ತಿಯಿಡುವ ಮುಂಚಿನ ಆ ದಿನಗಳಲ್ಲಿ ಅದರ ಹಸಿವು ತೀವ್ರವಾಗಿರುತ್ತದೆ. ಉತ್ತರದ ದಂಡೆಗೆ ದಕ್ಷಿಣದ ಬಿಸಿಲು ನೇರವಾಗಿ ಬೀಳುವುದರಿಂದ ಅಲ್ಲಿಯ ನೀರು ಮೊದಲು ಕಾಯುತ್ತದೆ. ತುಸು ಬಗ್ಗಡವಾದ ನೀರು ತಿಳಿನೀರಿಗಿಂತ ಬೇಗ ಬಿಸಿಯಾಗುತ್ತದೆ. ಕಲ್ಲುರಾಶಿಯ ದಂಡೆ ಹಗಲಿನ ಬಿಸಿಯನ್ನು ಸಂಜೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟನ್ನು ತಿಳಿದವನಿಗೆ ಸಾವಿರಾರು ಎಕರೆ ವಿಸ್ತಾರದ ನೀರಿನಲ್ಲಿ ಮೀನು ಎಲ್ಲಿದ್ದೀತೆಂಬುದು ಅರ್ಧ ತಿಳಿದಂತೆಯೇ.

ನೆರೆಮನೆಯ ಉಪಾಧ್ಯಾಯರು ಪ್ರತಿದಿನವೂ ಒಂದು ಪುಸ್ತಕದಲ್ಲಿ ತಾರೀಖು, ನೀರಿನ ಬಿಸಿ, ಗಾಳಿಯ ದಿಕ್ಕು, ಸಿಕ್ಕ ಮೀನುಗಳ ಸಂಖ್ಯೆ ಎಲ್ಲವನ್ನೂ ಬರೆದಿಡುತ್ತಿದ್ದರು. ಆದರೂ ಅವರು ಮಾತುಮಾತಿಗೆ ತೋರಿಸುತ್ತಿದ್ದುದು ದಂಡೆಯ ಮೇಲೆ ಬೆಳ್ಳಗೆ ಅರಳಿದ ಡಾಗ್‌ವುಡ್ ಮರಗಳನ್ನು. ಆ ಹೂವು ಅರಳಿದರೆ ಮೀನು ದಂಡೆಗೆ ಬಂತೆಂಬುದು ಅಲ್ಲಿಯ ಹಳ್ಳಿಗರ ಪಂಚಾಂಗ. ಆರಿದ್ರೆ ಹಿಡಿಯಿತೇ, ಮೃಗಶಿರೆ ಹೇಗೆ ಹೋಯಿತು ಎಂದು ಮಳೆಯನ್ನು ನಕ್ಷತ್ರದಿಂದ ಕೇಳುವ ನಮ್ಮ ರೈತನನ್ನು ಅವರು ಒಮ್ಮೆ ಕಂಡಿದ್ದರೆ ಇಬ್ಬರಿಗೂ ಭಾಷೆಯ ತೊಡಕು ಅಷ್ಟಾಗಿ ಆಗುತ್ತಿರಲಿಲ್ಲ.

ಮರದ ಮೀನಿನ ಅಂಗರಚನೆ

ಮರದ ಮೀನು ಎರಡು ಮೂರು ಇಂಚಿನ ದುಂಡುಹೊಟ್ಟೆಯ ಗೊಂಬೆ. ಹೊಟ್ಟೆಯ ಕೆಳಗೊಂದು, ಬಾಲದಲ್ಲೊಂದು, ಮೂರು ಮೊನೆಯ ಕೊಕ್ಕೆಗಳು. ಗಲ್ಲದ ಕೆಳಗೆ ಮುಂದಕ್ಕೆ ಚಾಚಿದ ಒಂದು ಸಣ್ಣ ಹಲಗೆ, ಅದನ್ನು ತುಟಿಯೆನ್ನುತ್ತಾರೆ. ಗೊಂಬೆಯ ಜೀವವೆಲ್ಲ ಆ ತುಟಿಯಲ್ಲಿದೆ. ಎಳೆಯದೆ ಬಿಟ್ಟರೆ ಗೊಂಬೆ ತೇಲುತ್ತದೆ. ಎಳೆದ ಕೂಡಲೆ ನೀರು ತುಟಿಯನ್ನು ಒತ್ತಿ ಮೂತಿಯನ್ನು ಕೆಳಕ್ಕೆ ತಗ್ಗಿಸುತ್ತದೆ. ತುಟಿಯ ಎರಡು ಅಂಚುಗಳಿಂದಲೂ ಸುಳಿಗಳು ಒಂದಾದ ಮೇಲೊಂದರಂತೆ ಬಿಟ್ಟುಕೊಂಡು ಮೈಯನ್ನು ಎಡಕ್ಕೂ ಬಲಕ್ಕೂ ತೊನೆಸುತ್ತವೆ. ಉದ್ದವಾಗಿ ಮುಂದಕ್ಕೆ ಮಲಗಿದ ತುಟಿ ಗೊಂಬೆಯನ್ನು ಆಳಕ್ಕೆ ಒಯ್ಯುತ್ತದೆ. ಚಿಕ್ಕದಾಗಿ ನೆಟ್ಟಗೆ ನಿಂತ ತುಟಿ ನಾಲ್ಕೈದು ಅಡಿಗಿಂತ ಕೆಳಗೆ ಇಳಿಯಗೊಡುವುದಿಲ್ಲ. ದಪ್ಪನೆಯ ದಾರ ಕಟ್ಟಿದರೆ ಇನ್ನೂ ಮೇಲೆಯೇ ಉಳಿಯುತ್ತದೆ. ವಸಂತದ ತೆಳುನೀರಿಗೆ ಬೇಕಾದುದು ಈ ಎರಡನೆಯ ಜಾತಿ.

ಮುಳುಗಿದ ಮೋಟು, ಕೊಂಬೆಗಳ ನಡುವೆ ಆರು ಮೊನೆಯ ಕೊಕ್ಕೆಯನ್ನು ಎಳೆದರೆ ಸಿಕ್ಕಿಕೊಳ್ಳುವುದಿಲ್ಲವೆ? ಇದು ನನ್ನ ಮೊದಲ ಪ್ರಶ್ನೆ. "ಮಾವ, ಕಟ್ಟಿಗೆಗೆ ತಗಲದ ಹಾಗೆ ಎಳೀಬೇಡಿ, ತಗಲಲಿ ಅಂತಲೇ ಎಳೆಯೋದು" ಎಂದ ಅಕ್ಕನ ಮಗ. ಮೂತಿ ಕೆಳಗಾಗಿ ಚಲಿಸುವ ಗೊಂಬೆಯಲ್ಲಿ ತುಟಿಯೇ ಮೊದಲು ಕೊಂಬೆಗೆ ಬಡಿಯುತ್ತದೆ. ಬಡಿದ ಪೆಟ್ಟಿಗೆ ಮೈ ಹೊರಳಿ, ಕೊಕ್ಕೆಗಳು ಮೈಯ ಮರೆಯಲ್ಲಿಯೇ ಉಳಿದು, ಗೊಂಬೆ ಕೊಂಬೆಯನ್ನು ದಾಟಿ ಆಚೆಗೆ ಜಿಗಿಯುತ್ತದೆ. ತುಟಿ ಚೌಕವಾಗಿದ್ದರೆ ಈ ಜಿಗಿತ ಇನ್ನೂ ಚುರುಕು. ಒಂದು ವೇಳೆ ಸಿಕ್ಕಿಕೊಂಡರೂ ದಾರವನ್ನು ಸಡಿಲಬಿಟ್ಟರೆ ಎಷ್ಟೋ ಸಲ ತಾನಾಗಿಯೇ ಹಿಂದಕ್ಕೆ ತೇಲಿ ಬಿಡಿಸಿಕೊಳ್ಳುತ್ತದೆ. ಸಿಕ್ಕಿದಾಗ ಜಗ್ಗುವುದೇ ನಮ್ಮೆಲ್ಲರ ಸ್ವಭಾವ. ಬಿಡುವುದರಿಂದ ಬಿಡುಗಡೆ ಎಂಬುದನ್ನು ಕಲಿಯಲು ನನಗೆ ಒಂದು ಮುಂಜಾನೆ ಬೇಕಾಯಿತು.

ಬಹುಪಾಲು ಮೀನು ಕಚ್ಚುವುದು ಆ ಜಿಗಿತದ ಗಳಿಗೆಯಲ್ಲಿಯೇ. ಒಂದೇ ಸಮನೆ ಬರುತ್ತಿದ್ದುದು ತಟ್ಟನೆ ದಾರಿ ತಪ್ಪಿ, ಕ್ಷಣಕಾಲ ತತ್ತರಿಸಿ ಮತ್ತೆ ಹೊರಡುತ್ತದೆ. ಮೋಟಿನ ನೆರಳಿನಲ್ಲಿ ಹೊಂಚುಹಾಕಿದ ಬಾಸಿಗೆ ಅದೇ ಸಂಕೇತ. ಅದು ಬಾಯಿ ತೆರೆದಾಗ ಒಳಗೆ ಉಂಟಾಗುವ ತೆರಪಿಗೆ ನೀರಿನೊಡನೆ ಬೇಟೆಯೂ ಸೆಳೆದುಕೊಂಡು ಹೋಗುತ್ತದೆ. ಉಗುಳುವುದೂ ಅಷ್ಟೇ ಬೇಗ. ಆದ್ದರಿಂದಲೇ ಈ ಕೆಲಸಕ್ಕೆ ಸೆಡೆತುಕೊಂಡ ಕೋಲಿಗಿಂತ ಬಳುಕುವ ಕೋಲು ಲೇಸೆನ್ನುತ್ತಾರೆ; ಹಿಡಿದವನು ಆತುರಪಟ್ಟರೂ ಕೋಲು ಅರೆಗಳಿಗೆ ಸೈರಿಸಬೇಕು.

ಕೆತ್ತಿದವರು

ಈ ಗೊಂಬೆಗಳ ಚರಿತ್ರೆಯಲ್ಲಿ ಇಬ್ಬರನ್ನು ನೆನೆಯಬೇಕು. ಒಬ್ಬ ಫಿನ್ಲೆಂಡಿನ ಬಡ ಬೆಸ್ತ ಲೌರಿ ರಾಪಲ. ಸಣ್ಣ ಮೀನುಗಳ ಹಿಂಡಿನಲ್ಲಿ ದೊಡ್ಡ ಮೀನು ಎರಗುವುದು ಆರೋಗ್ಯವಾದುದರ ಮೇಲಲ್ಲ, ಕುಂಟುತ್ತ ತುಸು ಓರೆಯಾಗಿ ಈಜುವುದರ ಮೇಲೆ ಎಂಬುದನ್ನು ಅವನು ದೋಣಿಯಲ್ಲಿ ಕುಳಿತು ಗಮನಿಸಿದ. ೧೯೩೬ರಲ್ಲಿ ಬೆಂಡಿನ ತುಂಡೊಂದನ್ನು ಚಮ್ಮಾರರ ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿಕಾಗದವನ್ನು ಸುತ್ತಿ, ಹಳೆಯ ಛಾಯಾಚಿತ್ರದ ಫಿಲ್ಮನ್ನು ಕರಗಿಸಿ ಮೇಲೆ ಬಳಿದು, ಆ ಕುಂಟುನಡೆಯನ್ನು ಮರದಲ್ಲಿ ತಂದ.

ಇನ್ನೊಬ್ಬ ಟೆನೆಸಿಯ ಫ್ರೆಡ್ ಯಂಗ್. ೧೯೬೦ರ ದಶಕದ ಉತ್ತರಾರ್ಧದಲ್ಲಿ ಅವನು ಹಗುರವಾದ ಬಾಲ್ಸಾ ಮರದಿಂದ ದುಂಡುಹೊಟ್ಟೆಯ, ಚೌಕತುಟಿಯ ಒಂದು ಗೊಂಬೆಯನ್ನು ಕೆತ್ತಿ, ಭಾರಿ ಆಳಾದ ತನ್ನ ತಮ್ಮ ಓಡಿಸನ ಹೆಸರಿನಿಂದ 'ಬಿಗ್ ಓ' ಎಂದು ಕರೆದ. ಕೈಯಿಂದ ಕೆತ್ತಿದವು ಎಷ್ಟೋ ಅಷ್ಟೇ. ಸ್ಪರ್ಧೆಗೆ ಬಂದವರು ಅವನ್ನು ದಿನಬಾಡಿಗೆಗೆ ಪಡೆಯುತ್ತಿದ್ದರೆಂದು ಹೇಳುತ್ತಾರೆ. ೧೯೭೩ರಲ್ಲಿ ಅರ್ಕನ್ಸಾದ ಕಾಟನ್ ಕಾರ್ಡೆಲ್ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹಾಕಲು ಆರಂಭಿಸಿದ ಮೇಲೆ ಲಕ್ಷಗಟ್ಟಲೆ ಮಾರಾಟವಾಗಿ, ತೆಳುನೀರಿನ ಮರದ ಮೀನು ಮನೆಮನೆಯ ವಸ್ತುವಾಯಿತು.

ಚಿತ್ರದ ಕುದುರೆ

ಬಿಗ್ ಓ ಗೊಂಬೆಯನ್ನು ಅಂಗೈಯಲ್ಲಿಟ್ಟು ನೋಡಿದರೆ ಅದು ಯಾವ ಮೀನನ್ನೂ ಹೋಲುವುದಿಲ್ಲ. ಯಾವ ಮೀನಿಗೂ ಅಂಥ ತುಟಿಯಿಲ್ಲ. ಹೊಟ್ಟೆಯೊಳಗೆ ಗುಂಡುಗಳನ್ನು ಗಿಲಕಿಯಂತೆ ಆಡಿಸಿಕೊಂಡು ಓಡಾಡುವ ಮೀನೂ ಇಲ್ಲ. ವಸಂತದಲ್ಲಿ ಹೆಚ್ಚಾಗಿ ಬಳಸುವುದು ಕೆಂಪು ಬಣ್ಣದ್ದನ್ನು. ಆಗ ಕಲ್ಲುಗಳ ಸಂದಿಯಿಂದ ಹೊರಡುವ ಸಿಗಡಿಯಂಥ ಪ್ರಾಣಿಯ ಬಣ್ಣವಂತೆ ಅದು. ಆದರೆ ಗೊಂಬೆಯ ಆಕಾರ ಸಿಗಡಿಯದೂ ಅಲ್ಲ. ಹಾಗಾದರೆ ಅನುಕರಣವಾದುದು ಯಾವುದು? ರೂಪವಲ್ಲ, ನಡೆ. ಬಾಸಿನ ಪಕ್ಕೆಯಲ್ಲಿರುವ ಸೂಕ್ಷ್ಮವಾದ ಪಾರ್ಶ್ವರೇಖೆ ನೀರಿನ ಕಂಪನವನ್ನು ಗ್ರಹಿಸುತ್ತದೆ. ಬಗ್ಗಡದ ನೀರಿನಲ್ಲಿ ಕಣ್ಣಿಗೆ ಗೊಂಬೆ ಕಾಣುವ ಮೊದಲೇ ಅದರ ತೊನೆದಾಟ ಮೈಗೆ ಮುಟ್ಟಿರುತ್ತದೆ.

ಶ್ರೀಶಂಕುಕನ ಚಿತ್ರತುರಗನ್ಯಾಯ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಅವನ ಗ್ರಂಥ ಕಳೆದುಹೋಗಿ, ಅವನ ಮತ ಅಭಿನವಗುಪ್ತನ ವ್ಯಾಖ್ಯಾನದಲ್ಲಿ ಉಳಿದಿದೆ. ಚಿತ್ರದ ಕುದುರೆಯನ್ನು ನೋಡಿ ಕುದುರೆಯೆನ್ನುವಾಗ ಉಂಟಾಗುವ ಪ್ರತೀತಿ ನಿಜಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಕೇವಲ ಸಾದೃಶ್ಯಜ್ಞಾನವೂ ಅಲ್ಲ. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಪ್ರತೀತಿಯೂ ಅಂಥದೇ ಎಂಬುದು ಆ ಮತದ ಸಾರ. ಮೀನಿನ ಪಾಡು ಇದಲ್ಲ. ಅದರದು ಶುದ್ಧ ಭ್ರಾಂತಿ. ಹಗ್ಗದ ಹಾವನ್ನು ಕಂಡವನಂತೆ ಅದು ನಂಬಿಯೇ ಕಚ್ಚುತ್ತದೆ. ಸಹೃದಯನು ತಿಳಿದೂ ಒಪ್ಪಿಕೊಳ್ಳುತ್ತಾನೆ. ಆದ್ದರಿಂದ ಅವನಿಗೆ ದೊರೆಯುವುದು ರಸ. ಮೀನು ತಿಳಿಯದೆ ಒಪ್ಪಿಕೊಳ್ಳುತ್ತದೆ. ಆದ್ದರಿಂದ ಅದಕ್ಕೆ ದೊರೆಯುವುದು ಕೊಕ್ಕೆ. ಕಲೆಗೂ ವಂಚನೆಗೂ ಸಾಮಗ್ರಿ ಒಂದೇ ಆಗಿರಬಹುದು. ಎದುರಿಗಿರುವವನಿಗೆ ತಿಳಿಯುವ ಸ್ವಾತಂತ್ರ್ಯ ಉಂಟೋ ಇಲ್ಲವೋ ಎಂಬುದರಲ್ಲಿದೆ ಅಂತರ. ಈ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅದು ಕೈಗೆ ಭಾರವಾಗಿ ತಗಲಿದುದು ಆ ದೋಣಿಯಲ್ಲಿ.

ಗೂಡಿನ ಕಾವಲುಗಾರ

ನೀರಿನ ಬಿಸಿ ೧೬ ಡಿಗ್ರಿಯನ್ನು ದಾಟಿದ ಮೇಲೆ ಆಟದ ಸ್ವರೂಪವೇ ಬೇರೆಯಾಗುತ್ತದೆ. ಗಂಡುಬಾಸ್ ಎರಡು ಮೂರು ಅಡಿ ನೀರಿನಲ್ಲಿ ತನ್ನ ಬಾಲದಿಂದ ಕೆಸರನ್ನು ಗುಡಿಸಿ ತಟ್ಟೆಯಂಥ ಗುಣಿಯೊಂದನ್ನು ಮಾಡುತ್ತದೆ. ಹೆಣ್ಣು ಬಂದು ಸಾವಿರಗಟ್ಟಲೆ ತತ್ತಿಯಿಟ್ಟು ಹೊರಟುಹೋಗುತ್ತದೆ. ಅನಂತರದ ಸಂಸಾರವೆಲ್ಲ ಗಂಡಿನದೇ. ತತ್ತಿಗಳ ಮೇಲೆ ಈಜುರೆಕ್ಕೆಯಿಂದ ಗಾಳಿಹಾಕುತ್ತ, ಸುತ್ತ ಸುಳಿಯುವ ಸೂರ್ಯಮೀನುಗಳನ್ನು ಅಟ್ಟುತ್ತ, ಮರಿಗಳು ಹೊರಬಂದು ತಮ್ಮ ಪಾಡನ್ನು ತಾವು ನೋಡಿಕೊಳ್ಳುವವರೆಗೆ ವಾರಗಟ್ಟಲೆ ಅದು ಕಾವಲಿರುತ್ತದೆ. ಆ ದಿನಗಳಲ್ಲಿ ಅದು ಹೊಟ್ಟೆಗೆ ತಿನ್ನುವುದೇ ಅಪರೂಪ. ಆದರೂ ಗೂಡಿನ ಮೇಲೆ ಮರದ ಮೀನು ಬಂದರೆ ಎರಗುತ್ತದೆ. ಹಸಿವಿನಿಂದಲ್ಲ, ಮಕ್ಕಳ ರಕ್ಷಣೆಗೆಂದು.

ಒಂದು ಬೆಳಗ್ಗೆ ಕೊಲ್ಲಿಯೊಂದರ ತಿಳಿನೀರಿನಲ್ಲಿ ಅಂಥದೊಂದು ಗೂಡನ್ನು ಕಂಡೆವು. ಬಿಳಿಯ ಜಲ್ಲಿಯ ವೃತ್ತದ ಮೇಲೆ ಕಪ್ಪು ನೆರಳೊಂದು ನಿಂತಿತ್ತು. ದೋಣಿ ಹತ್ತಿರವಾದಾಗಲೂ ಓಡಲಿಲ್ಲ, ಒಂದು ಸುತ್ತು ಸುತ್ತಿ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಅಕ್ಕನ ಮಗನ ಕೈ ಕೋಲಿನ ಕಡೆ ಹೋಯಿತು. ಉಪಾಧ್ಯಾಯರು ಮಾತನಾಡಲಿಲ್ಲ, ತಮ್ಮ ಕೋಲನ್ನು ದೋಣಿಯ ತಳದಲ್ಲಿ ಮಲಗಿಸಿ, ಹುಟ್ಟಿನಿಂದ ದೋಣಿಯನ್ನು ಹಿಂದಕ್ಕೆ ಒತ್ತಿದರು. ದಡ ಸೇರಿದ ಮೇಲೆ ಅಕ್ಕನ ಮಗ, "ಹೇಗೂ ಹಿಡಿದು ಬಿಟ್ಟೇ ಬಿಡ್ತೀವಲ್ಲ ಮಾವ, ಅದರಲ್ಲಿ ಏನು ತಪ್ಪು?" ಎಂದು ನನ್ನನ್ನು ಕೇಳಿದ.

ಆ ಪ್ರಶ್ನೆ ಅವನೊಬ್ಬನದಲ್ಲ. ೧೯೬೭ರಲ್ಲಿ ರೇ ಸ್ಕಾಟ್ ಎಂಬಾತ ಅಲಬಾಮಾದಲ್ಲಿ ಬಾಸ್ ಹಿಡಿಯುವವರ ಸಂಘವನ್ನು ಕಟ್ಟಿ ದೊಡ್ಡ ದೊಡ್ಡ ಸ್ಪರ್ಧೆಗಳನ್ನು ಏರ್ಪಡಿಸಿದ. ಸಿಕ್ಕ ಮೀನನ್ನೆಲ್ಲ ಕೊಲ್ಲುತ್ತಿದ್ದ ಕಾಲದಲ್ಲಿ, ೧೯೭೨ರಿಂದ, ಜೀವಂತವಾಗಿಟ್ಟು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ಸ್ಪರ್ಧೆಗಳಿಗೆ ತಂದ ಕೀರ್ತಿಯೂ ಅವನದೇ. ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗೂಡಿನ ಗಂಡಿಗೆ ಆ ಉಪಕಾರ ಸಾಲದು. ಕೆನಡಾದ ಆಂಟೇರಿಯೋದ ಒಪಿನಿಕಾನ್ ಸರೋವರದಲ್ಲಿ ವಿದ್ವಾಂಸರು ವರ್ಷಗಟ್ಟಲೆ ಗೂಡುಗಳನ್ನು ನೋಡಿ ತಿಳಿದಿರುವುದಿದು: ಕಾವಲುಗಾರ ಮರೆಯಾದ ಕೆಲವೇ ನಿಮಿಷಗಳಲ್ಲಿ ಸುತ್ತಲಿನ ಮೀನುಗಳು ಗೂಡಿಗೆ ನುಗ್ಗುತ್ತವೆ, ದಣಿದು ಹಿಂದಿರುಗಿದ ಗಂಡು ಎಷ್ಟೋ ಸಲ ಬರಿದಾಗುತ್ತಿರುವ ಗೂಡನ್ನು ತೊರೆದೇಬಿಡುತ್ತದೆ. ಸ್ಪರ್ಧೆಗೆಂದು ಮೈಲಿಗಳಾಚೆಗೆ ಒಯ್ದು ತೂಗಿ ಬಿಟ್ಟ ಮೀನಿಗಂತೂ ಹಿಂದಿರುಗುವ ಮಾತೇ ಇಲ್ಲ. ಒಂದು ಮೀನು ಬದುಕಿ ಅದರ ಸಂಸಾರವೆಲ್ಲ ಅಳಿಯಿತು. ಈ ಕಾರಣದಿಂದ ಆಂಟೇರಿಯೋದ ಬಹುಭಾಗದಲ್ಲಿ ಜೂನ್ ತಿಂಗಳ ಉತ್ತರಾರ್ಧದವರೆಗೆ ಬಾಸ್ ಹಿಡಿಯುವಂತಿಲ್ಲ. ದಕ್ಷಿಣದ ಟೆನೆಸಿಯಲ್ಲಿ ಅಂಥ ಮುಚ್ಚಿದ ಕಾಲವಿಲ್ಲ. ಅಲ್ಲಿ ಋತು ದೀರ್ಘ, ಗೂಡುಗಳು ಬಹಳ, ಒಟ್ಟು ಮೀನಿಗೆ ಕೊರತೆಯಾಗುವುದಿಲ್ಲವೆಂಬುದು ಸಮರ್ಥನೆ. ಚಿಕಮಾಗಾದಲ್ಲಿ ೨೦೦೦ದಿಂದ ಫ್ಲಾರಿಡಾ ಬಾಸಿನ ಮರಿಗಳನ್ನು ಬಿಡುತ್ತ ಬಂದ ಫಲವಾಗಿ ೨೦೧೫ರಲ್ಲಿ ೧೫ ಪೌಂಡು ೩ ಔನ್ಸಿನ, ಆ ಸಂಸ್ಥಾನದ ದಾಖಲೆಯ ಮೀನೂ ಸಿಕ್ಕಿತು. ಕಾನೂನು ಲೆಕ್ಕ ಹಾಕುವುದು ಮೀನಿನ ಸಂತತಿಯನ್ನು. ಆ ಉಪಾಧ್ಯಾಯರು ಲೆಕ್ಕ ಹಾಕಿದುದು ಎದುರಿಗಿದ್ದ ಒಂದು ಮೀನನ್ನು. ಎರಡು ಲೆಕ್ಕಗಳೂ ಸರಿಯೆಂದೂ, ಎರಡನೆಯದನ್ನು ಯಾವ ಕಾನೂನೂ ಬರೆಯಲಾರದೆಂದೂ ಅಕ್ಕನ ಮಗನಿಗೆ ಹೇಳಿದೆ.

ಈ ಮೀನಿಗೆ ಇನ್ನೊಂದು ಮುಖವಿದೆ. ೧೯೨೫ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದುಬಿಟ್ಟ ಬಾಸ್ ಕ್ರಮೇಣ ದೇಶವನ್ನೆಲ್ಲ ವ್ಯಾಪಿಸಿ, ಬೀವಾದಂಥ ಪುರಾತನ ಸರೋವರದ ಸ್ವದೇಶಿ ಮೀನುಗಳನ್ನು ನುಂಗತೊಡಗಿತು. ೨೦೦೫ರಲ್ಲಿ ಅಲ್ಲಿಯ ಸರ್ಕಾರ ಅದನ್ನು ಹಾನಿಕರ ಪರದೇಶಿ ಜೀವಿಯೆಂದು ಸಾರಿತು. ಬೀವಾದಲ್ಲಿ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದೇ ನಿಷಿದ್ಧ. ಒಂದು ದೇಶದಲ್ಲಿ ಬಿಡುವುದು ಧರ್ಮ, ಇನ್ನೊಂದರಲ್ಲಿ ಬಿಡದಿರುವುದು ಧರ್ಮ. ಇದೇ ಕುಟುಂಬದ ಬ್ಲೂಗಿಲ್ ಮೀನನ್ನು ೧೯೬೦ರಲ್ಲಿ ಶಿಕಾಗೋದಿಂದ ಕಾಣಿಕೆಯಾಗಿ ತಂದವರು ಆಗ ಯುವರಾಜರಾಗಿದ್ದ ಅಕಿಹಿಟೊ. ಸ್ವತಃ ಮತ್ಸ್ಯಶಾಸ್ತ್ರಜ್ಞರಾದ ಅವರು ಚಕ್ರವರ್ತಿಯಾಗಿ ೨೦೦೭ರಲ್ಲಿ ಅದಕ್ಕಾಗಿ ಬಹಿರಂಗವಾಗಿ ವ್ಯಥೆಪಟ್ಟರು.

ನಮ್ಮ ಹೊಳೆಗಳಲ್ಲಿ

ಗಾಳವಿದ್ಯೆ ನಮಗೆ ಪರಕೀಯವೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮೀನುಗಳ ಬಗೆ, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದಿಂದ ಹಿಡಿಯುವ ಕ್ರಮ ಎಲ್ಲವೂ ಅಲ್ಲಿ ಬಂದಿವೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಆ ಪ್ರಕರಣದ ಬಗೆಗೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಆಂಗ್ಲರ ಕಾಲದಲ್ಲಿ ಭಾರತದ ಗಾಳವನ್ನು ಕುರಿತ ಪ್ರಸಿದ್ಧ ಗ್ರಂಥ, ಮದರಾಸು ಸಿವಿಲ್ ಸೇವೆಯ ಎಚ್. ಎಸ್. ಥಾಮಸನ 'ದಿ ರಾಡ್ ಇನ್ ಇಂಡಿಯಾ', ೧೮೭೩ರಲ್ಲಿ ಮೊದಲು ಪ್ರಕಟವಾದುದು ನಮ್ಮ ಮಂಗಳೂರಿನಲ್ಲಿಯೇ. ಹೆನ್ಶಲ್ ಬಾಸಿಗೆ ಕೊಟ್ಟ ಪಟ್ಟವನ್ನು ಥಾಮಸ್ ಎಂಟು ವರ್ಷ ಮೊದಲೇ ನಮ್ಮ ಹೊಳೆಗಳ ಮಹಶೀರ್ ಮೀನಿಗೆ ಕಟ್ಟಿದ್ದ.

ತತ್ತಿಯ ಕಾಲದಲ್ಲಿ ಮೀನನ್ನು ಕಾಯಬೇಕೋ ಹಿಡಿಯಬೇಕೋ ಎಂಬ ಪ್ರಶ್ನೆಯೂ ನಮಗೆ ಹೊಸದಲ್ಲ. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೂ ಹಳ್ಳದಿಂದ ಗದ್ದೆಗೂ ಏರುವ ಹತ್ತುಮೀನು ಏರುವುದು ತತ್ತಿಯಿಡುವುದಕ್ಕಾಗಿಯೇ. ನಾವು ಕತ್ತಿ, ದೀಪ, ಬಿದಿರಿನ ಕೂಣಿಗಳೊಡನೆ ಕಾಯುತ್ತಿದ್ದುದೂ ಆ ರಾತ್ರಿ ಅವು ಸುಲಭವಾಗಿ ಸಿಕ್ಕುವುವೆಂದೇ. ಅದೇ ತುಂಗೆಯಲ್ಲಿ ಶೃಂಗೇರಿಯ ಮಠದ ಮುಂದೆ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಮೀನು ದೇವರ ಮೀನಾಗಿ ಯಾತ್ರಿಕರ ಕೈಯ ಪುರಿಗೆ ಬಾಯಿ ತೆರೆಯುತ್ತದೆ. ಹಿಡಿಯುವ ಆಸೆಗೂ ಬಿಡುವ ವ್ರತಕ್ಕೂ ಒಂದೇ ಹೊಳೆಯಲ್ಲಿ ಹೀಗೆ ಎಡೆಮಾಡಿಕೊಟ್ಟವರು ನಮ್ಮ ಹಿರಿಯರು. ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಇಂದಿನ ಕಟ್ಟಳೆ ಅದೇ ವಿವೇಕದ ಸರ್ಕಾರಿ ರೂಪ.

ಆದರೆ ಕೋಲನ್ನು ಎತ್ತಿಟ್ಟುಬಿಡುವುದರಿಂದಲೇ ಎಲ್ಲವೂ ನೆಟ್ಟಗಾಗುವುದಿಲ್ಲವೆಂಬುದಕ್ಕೆ ಕಾವೇರಿಯೇ ಸಾಕ್ಷಿ. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಬಹುಕಾಲ ಹಿಡಿದುಬಿಡುವ ಗಾಳ ನಡೆದು, ಅನಂತರ ವನ್ಯಜೀವಿ ಕಾನೂನಿನ ಕಾರಣದಿಂದ ನಿಂತಿತು. ಅಲ್ಲಿಗೆ ಬಂದವರು ೧೯೯೮ರಿಂದ ೨೦೧೨ರವರೆಗೆ ಹಿಡಿದ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ಬೆನ್ನಿನಲ್ಲಿ ಡುಬ್ಬವಿರುವ ಕಾವೇರಿಯದೇ ಆದ ಮಹಶೀರು ಅಲ್ಲಿಂದ ಮರೆಯಾಗುತ್ತಿದೆ, ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆಯ ಮಹಶೀರು ಅದರ ಜಾಗದಲ್ಲಿ ತುಂಬಿಕೊಳ್ಳುತ್ತಿದೆ ಎಂಬುದು ವಿದ್ವಾಂಸರಿಗೆ ತಿಳಿದುದು ಆ ಗಾಳದವರ ಲೆಕ್ಕದಿಂದಲೇ. ಡುಬ್ಬದ ಮಹಶೀರಿನ ಶಾಸ್ತ್ರೀಯ ಗುರುತು 'ಟಾರ್ ರೇಮಾದೇವಿ' ಎಂದು ನಿಶ್ಚಯವಾದುದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಗುವುದಕ್ಕೂ ಮೀನು ಮುಗಿಯುವುದಕ್ಕೂ ಸರಿಹೋಯಿತೆನ್ನುವಂತಾಯಿತು.

ಆದ್ದರಿಂದ ಗಾಳವನ್ನು ಹಳಿಯುವುದಕ್ಕೂ ಹೊಗಳುವುದಕ್ಕೂ ನಾನು ಅವಸರಪಡಲಾರೆ. ಮೀನನ್ನು ವಂಚಿಸಬೇಕೆಂದು ಹೊರಟವನು ಮೀನನ್ನು ಅರಿಯಲೇಬೇಕು. ಅದರ ಹಸಿವು, ಅದರ ಋತು, ಅದು ನಿಲ್ಲುವ ನೆರಳು, ಅದರ ಮಕ್ಕಳು ಎಲ್ಲವನ್ನೂ ದಂಡೆಯಲ್ಲಿ ಸುಮ್ಮನೆ ಅಡ್ಡಾಡುವವನಿಗಿಂತ ಅವನು ಬಲ್ಲ. ಹಾಗೆ ಬಲ್ಲವನಾದ ಮೇಲೆ ಆ ಅರಿವನ್ನು ಯಾವುದಕ್ಕೆ ಬಳಸುತ್ತಾನೆಂಬುದೇ ಅವನ ಪರೀಕ್ಷೆ. ಟೆನೆಸಿಯ ಉಪಾಧ್ಯಾಯರ ಪುಸ್ತಕದಲ್ಲಿ ಆ ದಿನದ ಪುಟವನ್ನು ನಾನು ನೋಡಿದೆ. ತಾರೀಖು, ನೀರಿನ ಬಿಸಿ, ಗಾಳಿಯ ದಿಕ್ಕು ಎಂದಿನಂತಿದ್ದವು. ಸಿಕ್ಕ ಮೀನು ಎಂಬಲ್ಲಿ ಮೂರು ಎಂದಿತ್ತು. ಅದರ ಕೆಳಗೆ, ಕೊಲ್ಲಿಯ ಹೆಸರಿನ ಮುಂದೆ, ಗೂಡು ಒಂದು ಎಂದು ಬರೆದು, ಅಡಿಯಲ್ಲಿ ಗೆರೆ ಎಳೆದಿದ್ದರು.